ಬಂಡೆಯ ಬುಡದಲ್ಲಿ ಹಿರಿಯ ವಿದ್ಯಾರ್ಥಿಗಳು

ತಾಂಡೂರು, ಜಹೀರಾಬಾದ್, ನಾರಾಯಣಖೇಡ ಈ ಮೂರು ಊರುಗಳ ಕನ್ನಡಿಗರಿಗೆ ಕಲ್ಲಾಗಲಿ ಕಾಡಾಗಲಿ ಹೊಸತಲ್ಲ. ತಾಂಡೂರಿನ ಗಣಿಗಳಲ್ಲಿ ಪದರುಪದರಾಗಿ ಎದ್ದ ಪರಸಿ ಕಲ್ಲು ಎಲ್ಲೆಲ್ಲಿಯೋ ಮನೆಗಳ ನೆಲವಾಗಿದೆ. ಜಹೀರಾಬಾದಿನ ಸುತ್ತಲಿನ ಕೆಮ್ಮಣ್ಣಿನಲ್ಲಿ ಕುಂಟೆ ಹೊಡೆದವರಿಗೆ ಒಂದೊಂದು ಮೊರಡಿಯ ಹೆಸರೂ ಗೊತ್ತು. ನಾರಾಯಣಖೇಡದ ಕಡೆಯವರು ಮಂಜೀರೆಯ ನೆರೆಯನ್ನೂ ಬತ್ತಿದ ಪಾತ್ರವನ್ನೂ ಕಂಡವರು. ಆದರೆ ಇಲ್ಲಿ ಕಲ್ಲೆಂದರೆ ದುಡಿಮೆ, ಕಾಡೆಂದರೆ ಮೇವು ಮತ್ತು ಸೌದೆ, ಬೆಟ್ಟವೆಂದರೆ ದೇವರು. ನಲವತ್ತು ದಾಟಿದ ಗೃಹಸ್ಥರು ಶುಲ್ಕ ಕಟ್ಟಿ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬಂಡೆ ಹತ್ತಲು ಕಲಿಯುತ್ತಾರೆಂದರೆ ಈ ಊರುಗಳ ಕಟ್ಟೆಗಳಲ್ಲಿ ನಗುವೇ ಮೊದಲ ಉತ್ತರ. ಆ ನಗು ಪೂರ್ತಿ ಅನ್ಯಾಯವಾದದ್ದೇನಲ್ಲ. ದಿನವಿಡೀ ಗಣಿಯಲ್ಲಿ ಇಳಿದು ಏರುವವನಿಗೆ ಇಳಿಯುವುದು ಏರುವುದು ವಿಕಸನವೆಂದು ತೋರದು.

ಆದರೂ ಅಂಥವರು ಹೋಗುತ್ತಿದ್ದಾರೆ. ಹೈದರಾಬಾದಿನ ಕಚೇರಿಗಳು ತಮ್ಮ ನೌಕರರನ್ನು ತಂಡತಂಡವಾಗಿ ಕಳಿಸುತ್ತವೆ. ಮಕ್ಕಳು ದೊಡ್ಡವರಾಗಿ ಕೈ ಬಿಡುವಾದ ತಾಯಂದಿರು ಹೊರಡುತ್ತಾರೆ. ವ್ಯಾಪಾರದಲ್ಲಿ ಸೋತವರು, ನಿವೃತ್ತರಾದವರು ಹೊರಡುತ್ತಾರೆ. ಅವರು ಏನನ್ನು ಅರಸಿ ಹೋಗುತ್ತಾರೆ, ಅದು ಸಿಗುತ್ತದೆಯೇ ಎಂಬುದನ್ನು ತಿಳಿಯಬೇಕಾದರೆ ಹಿಮಾಲಯದವರೆಗೆ ಹೋಗಬೇಕಾಗಿಲ್ಲ. ತಾಂಡೂರಿನಲ್ಲಿ ರೈಲು ಹತ್ತಿ ಸಿಕಂದರಾಬಾದಿನಲ್ಲಿ ಬದಲಿಸಿ, ಕಾಜೀಪೇಟೆಯ ದಾರಿಯಲ್ಲಿ ಭುವನಗಿರಿಗೆ ಇಳಿದರೆ ಸಾಕು.

ಭುವನಗಿರಿಯಲ್ಲಿ ಊರಿಗಿಂತ ಮೊದಲು ಕಾಣುವುದು ಬಂಡೆ. ಒಂದೇ ಒಂದು ಬಂಡೆ. ಮೊಟ್ಟೆಯಂತೆ ನುಣುಪು, ಐನೂರು ಅಡಿಗೂ ಮಿಕ್ಕಿದ ಎತ್ತರ, ನೆತ್ತಿಯ ಮೇಲೆ ಕೋಟೆ. ಈ ಹೆಸರಿನ ಮೂಲ ತ್ರಿಭುವನಗಿರಿ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನಿಗೆ ತ್ರಿಭುವನಮಲ್ಲನೆಂಬ ಬಿರುದಿತ್ತು. ಕೋಟೆ ಅವನದೆಂದೂ ಹೆಸರು ಅವನ ಬಿರುದಿನಿಂದಲೇ ಬಂತೆಂದೂ ಹೇಳುತ್ತಾರೆ. ಅವನು ಆಳಿದ್ದು 1076ರಿಂದ 1126ರವರೆಗೆ. ಅವನ ರಾಜಧಾನಿ ಇಂದಿನ ಬಸವಕಲ್ಯಾಣ, ಜಹೀರಾಬಾದಿನಿಂದ ಹುಮನಾಬಾದಿನ ಹೆದ್ದಾರಿ ಹಿಡಿದರೆ ಅರ್ಧ ದಿನವೂ ಬೇಡದ ದೂರ. ಹಾಗಾಗಿ ಗಡಿಯ ಕನ್ನಡ ಶಾಲೆಯ ಮಕ್ಕಳು ಚರಿತ್ರೆಯ ಪಾಠದಲ್ಲಿ ಓದುವ ದೊರೆಯ ಹೆಸರು ತೆಲಂಗಾಣದ ಆ ತುದಿಯ ಬಂಡೆಯ ಮೇಲೂ ಕೂತಿದೆ.

ಈ ಬಂಡೆಯ ಆಶ್ರಯದಲ್ಲಿ ಶಿಲಾರೋಹಣದ ಶಾಲೆಯೊಂದಿದೆ. ಅದಕ್ಕೆ ದೇಶದಲ್ಲಿ ಹೆಸರು ತಂದದ್ದು ಹಿರಿಯರಲ್ಲ, ಮಕ್ಕಳು. ಸಮಾಜ ಕಲ್ಯಾಣ ವಸತಿ ಶಾಲೆಗಳಿಂದ ಆರಿಸಿ ತಂದ ವಿದ್ಯಾರ್ಥಿಗಳಿಗೆ ಇಲ್ಲಿ ಮೊದಲ ಪಾಠವಾಯಿತು. ಅವರಲ್ಲಿ ನಿಜಾಮಾಬಾದ್ ಜಿಲ್ಲೆಯ ಪಾಕಾಲ ಗ್ರಾಮದ ಆದಿವಾಸಿ ಕೃಷಿಕೂಲಿ ಕುಟುಂಬದ ಮಾಲಾವತ್ ಪೂರ್ಣಾ ಮತ್ತು ಖಮ್ಮಂ ಜಿಲ್ಲೆಯ ಆನಂದ ಕುಮಾರ್ 2014ರ ಮೇ 25ರಂದು ಟಿಬೆಟಿನ ಕಡೆಯಿಂದ ಎವರೆಸ್ಟ್ ಏರಿದರು. ಪೂರ್ಣಾಳಿಗೆ ಆಗ ಹದಿನಾಲ್ಕು ತುಂಬಿರಲಿಲ್ಲ.

ಮಕ್ಕಳಿಗೆ ಒದಗಿದ್ದು ಹಿರಿಯರಿಗೆ ಏಕೆ ಕಷ್ಟವೆಂಬುದು ಬಂಡೆಯ ಬುಡದಲ್ಲಿ ಬೇಗ ತಿಳಿಯುತ್ತದೆ. ಏರುವ ನಿಯಮ ಸರಳ: ಎರಡು ಕೈ, ಎರಡು ಕಾಲು, ಈ ನಾಲ್ಕರಲ್ಲಿ ಮೂರು ಸದಾ ಬಂಡೆಗೆ ಊರಿರಬೇಕು, ಒಂದು ಮಾತ್ರ ಚಲಿಸಬೇಕು. ಕೈಯಿಂದ ಮೈಯನ್ನು ಮೇಲಕ್ಕೆ ಎಳೆದುಕೊಳ್ಳಬಾರದು, ಕಾಲಿನಿಂದ ಎತ್ತಿಕೊಳ್ಳಬೇಕು. ಹೊಸಬರಾದ ಹಿರಿಯರು ತಪ್ಪದೆ ಕೈಯನ್ನೇ ನಂಬುತ್ತಾರೆ. ಹತ್ತು ಅಡಿ ಏರುವಷ್ಟರಲ್ಲಿ ತೋಳು ನಡುಗತೊಡಗುತ್ತದೆ. ಎದೆಯನ್ನು ಬಂಡೆಗೆ ಅಪ್ಪಿಕೊಂಡರೆ ಭದ್ರವೆಂದು ತೋರುತ್ತದೆ, ಆದರೆ ಅಪ್ಪಿದಷ್ಟೂ ಪಾದ ಜಾರುತ್ತದೆ. ಮೈ ಹೊರಕ್ಕೆ ನಿಂತರೆ ಭಾರ ಪಾದದ ಮೇಲೆ ಬಿದ್ದು ಹಿಡಿತ ಸಿಗುತ್ತದೆ. ಭಯ ಹೇಳುವುದೊಂದು, ಬಂಡೆ ಹೇಳುವುದು ಅದಕ್ಕೆ ತೀರ ಎದುರಾದದ್ದು.

ಇಳಿಯುವಾಗ ಪರೀಕ್ಷೆ ಇನ್ನೂ ಬಿಗಿ. ಬಂಡೆಯ ಅಂಚಿನಲ್ಲಿ ಕಣಿವೆಗೆ ಬೆನ್ನು ಮಾಡಿ ನಿಂತು, ಹಗ್ಗದ ಮೇಲೆ ಭಾರ ಬಿಟ್ಟು, ಕುರ್ಚಿಯಲ್ಲಿ ಕೂರುವಂತೆ ಶೂನ್ಯಕ್ಕೆ ಒರಗಬೇಕು. ಕಾಪಿನ ಹಗ್ಗವನ್ನು ಹಿಡಿದು ನಿಂತವನು ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೆರಡರ ಹುಡುಗ. ಮನೆಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಆಜ್ಞೆ ಮಾಡಿ ರೂಢಿಯಾದ ಯಜಮಾನರು ತಮ್ಮ ಮಗನ ವಯಸ್ಸಿನವನ ಕೈಯಲ್ಲಿ ಪ್ರಾಣವಿಟ್ಟು, ಅವನು 'ಒರಗಿ ಸಾರ್' ಎಂದಾಗ ಒರಗಬೇಕು. ಎಷ್ಟೋ ಮಂದಿಗೆ ಇಡೀ ಶಿಬಿರದಲ್ಲಿ ಇದೊಂದೇ ನಿಜವಾದ ಪಾಠ. ಎತ್ತರದ ಭಯ ಅದಲ್ಲ. ಮಾತು ಕೇಳುವ ಭಯ. ಓದು ಮುಗಿಸಿ ಇಪ್ಪತ್ತು ವರ್ಷ ಯಾರಿಂದಲೂ ತಿದ್ದಿಸಿಕೊಳ್ಳದೆ ಬದುಕಿದ ಮನುಷ್ಯ ಮತ್ತೆ ವಿದ್ಯಾರ್ಥಿಯಾಗುವುದು ಸುಲಭದ ಮಾತಲ್ಲ. ಮಕ್ಕಳಿಗೆ ದಿನವೂ 'ತಿದ್ದಿಕೋ' ಎನ್ನುವ ತಂದೆತಾಯಿಗಳಿಗೆ ಈ ಅರ್ಧ ಗಂಟೆ ಪ್ರಯೋಜನಕರ.

ಕಾಡು ಕಡಲುಗಳನ್ನು ಪಾಠಶಾಲೆಯಾಗಿಸಿದ ಇಂದಿನ ಪದ್ಧತಿಯ ಹಿಂದೆ ಜರ್ಮನಿಯ ಶಿಕ್ಷಕ ಕುರ್ಟ್ ಹಾನ್ ಇದ್ದಾನೆ. ಹಿಟ್ಲರನನ್ನು ವಿರೋಧಿಸಿ 1933ರಲ್ಲಿ ಸೆರೆ ಕಂಡು, ಬ್ರಿಟನ್ನಿಗೆ ಬಂದು, ಸ್ಕಾಟ್ಲೆಂಡಿನಲ್ಲಿ ಗೋರ್ಡನ್‌ಸ್ಟನ್ ಶಾಲೆ ತೆರೆದವನು. 1941ರಲ್ಲಿ, ಮಹಾಯುದ್ಧದ ನಡುವೆ, ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಜೊತೆಗೂಡಿ ವೇಲ್ಸ್‌ನ ಅಬರ್ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಎಂಬ ಶಾಲೆ ಆರಂಭಿಸಿದ. ಬಂದರು ಬಿಟ್ಟು ಕಡಲಿಗೆ ಹೊರಟ ಹಡಗಿಗೆ ನಾವಿಕರು ಹೇಳುವ ಮಾತದು. ಮುಳುಗಿದ ಹಡಗುಗಳ ದೋಣಿಗಳಲ್ಲಿ ಕಟ್ಟುಮಸ್ತಾದ ಎಳೆಯರು ಸಾಯುತ್ತಿದ್ದಾರೆ, ಹಳೆಯ ನಾವಿಕರು ಬದುಕಿ ಬರುತ್ತಿದ್ದಾರೆ ಎಂಬ ಚಿಂತೆ ಹೋಲ್ಟನಿಗಿತ್ತು. ಕೊರತೆ ತೋಳಿನ ಬಲದ್ದಲ್ಲ, ಕಷ್ಟ ಕಂಡ ಅನುಭವದ್ದೆಂದು ಅವರಿಗೆ ತೋರಿತು. ಮುಂದೆ ಆ ಶಾಲೆ ದೇಶದೇಶಕ್ಕೆ ಹಬ್ಬಿ ವಯಸ್ಕರನ್ನೂ ಸೇರಿಸಿಕೊಂಡಿತು. ಭಾರತದಲ್ಲಿ ಪರ್ವತಾರೋಹಣದ ಸರ್ಕಾರಿ ಸಂಸ್ಥೆಗಳು ಬೇರೆಯೇ ದಾರಿಯಲ್ಲಿ ಹುಟ್ಟಿದವು: ತೇನ್‌ಸಿಂಗ್ ಎವರೆಸ್ಟ್ ಏರಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗಿನದು, 1965ರಲ್ಲಿ ಉತ್ತರಕಾಶಿಯದು. ಕನ್ನಡನಾಡಿಗೂ ಇದರಲ್ಲಿ ಹಳೆಯ ಪಾಲುಂಟು. ಕಡಿಮೆ ಖರ್ಚಿನಲ್ಲಿ ಜನಸಾಮಾನ್ಯರನ್ನು ಚಾರಣಕ್ಕೆ ಒಯ್ಯುವ ಯೂತ್ ಹಾಸ್ಟೆಲ್ ಚಳವಳಿಯ ಆರಂಭದ ನೆಲೆಗಳಲ್ಲಿ ಶಿಮ್ಲಾ ಬಳಿಯ ತಾರಾದೇವಿಯ ಜೊತೆ ಮೈಸೂರೂ ಒಂದು. ಬೆಂಗಳೂರಿನಲ್ಲಿ ಕೊಡಗಿನ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ಇದೆ.

ಇದೆಲ್ಲ ನಮ್ಮವರಿಗೆ ಹೊರಗಿನಿಂದ ಬಂದದ್ದೆಂದು ಹೇಳುವವರು ಶ್ರೀಶೈಲದ ಹಾದಿಯನ್ನು ಮರೆತಿರುತ್ತಾರೆ. ಯುಗಾದಿಗೆ ಮೊದಲು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಜನ ಕಂಬಿ ಹೊತ್ತು ಬರಿಗಾಲಲ್ಲಿ ನಡೆಯುತ್ತಾರೆ. ಆತ್ಮಕೂರು ದಾಟಿ ವೆಂಕಟಾಪುರದ ಮೇಲೆ ನಾಗಲೂಟಿಗೆ ಬಂದರೆ ನಲ್ಲಮಲದ ಕಾಡು; ಅಲ್ಲಿಂದ ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರ. ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶದ ನಡುವೆ, ಸುಡುಬಿಸಿಲಲ್ಲಿ, ಅಂಗಾಲಿನ ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು ನಡೆಯುವವರಲ್ಲಿ ಅರವತ್ತರ ಅಜ್ಜಿಯರಿದ್ದಾರೆ. ಭ್ರಮರಾಂಬೆ ಅವರಿಗೆ ತವರಿನ ಮಗಳು. ಅವಳಿಗೆ ಸೀರೆ, ಅರಿಸಿನ ಕುಂಕುಮ ಒಯ್ಯುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಕದಳಿಯನ್ನರಸಿ ಹೊಕ್ಕದ್ದೂ ಇದೇ ಬೆಟ್ಟಗಳನ್ನು. ಮನೆ ಬಿಡುವುದು, ಮೈಯನ್ನು ದಣಿಸುವುದು, ಅಪರಿಚಿತರೊಂದಿಗೆ ನೀರು ಹಂಚಿಕೊಳ್ಳುವುದು, ಬೇರೊಂದು ಮನಸ್ಸು ಹೊತ್ತು ಮರಳುವುದು ಎಲ್ಲವೂ ಇಲ್ಲಿದೆ.

ಆದರೆ ಎರಡೂ ಒಂದೇ ಎನ್ನುವುದು ಮೆಚ್ಚುಗೆಯ ಮಾತಾದೀತೇ ಹೊರತು ನಿಜವಾಗದು. ಪಾದಯಾತ್ರಿಯು ತನ್ನನ್ನು ಮರೆಯಲು ನಡೆಯುತ್ತಾನೆ. ಶಿಬಿರಾರ್ಥಿಯು ತನ್ನನ್ನು ಕಾಣಲು ಹೋಗುತ್ತಾನೆ. ಯಾತ್ರಿ ಹೇಗಾದರೂ ಮುಟ್ಟಲೇಬೇಕು, ಹರಕೆಯದು ಬಾಕಿ ಉಳಿಯಬಾರದು. ಶಿಬಿರದ ಒಳ್ಳೆಯ ಗುರು ಕಲಿಸುವುದೋ ಮುಟ್ಟದೆ ಮರಳುವುದನ್ನು. ಮೋಡ ಕವಿದರೆ, ತಂಡದಲ್ಲಿ ಒಬ್ಬರಿಗೆ ತಲೆಸುತ್ತು ಬಂದರೆ, ತುದಿ ಕಣ್ಣೆದುರಿಗಿದ್ದರೂ ಹಿಂತಿರುಗಬೇಕು. ಮುಂದುವರಿಯುವುದನ್ನೇ ಜೀವನವಿಡೀ ಹೊಗಳಿಸಿಕೊಂಡ ನಡುವಯಸ್ಕರಿಗೆ ಇದು ಒರಗುವುದಕ್ಕಿಂತಲೂ ಕಷ್ಟದ ಪಾಠ.

ಅದು ಬರಿಯ ಮಾತಿನ ಪಾಠವಲ್ಲ. 2024ರ ಮೇ ಕೊನೆಯಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಹೊರಟ 22 ಜನರ ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. ನಡುವಯಸ್ಸಿನವರೂ ಎಪ್ಪತ್ತು ದಾಟಿದವರೂ ಇದ್ದರು. ಜೂನ್ ಆರಂಭದಲ್ಲಿ, ಮರಳುವ ದಾರಿಯಲ್ಲಿ, ಹಿಮಗಾಳಿ ಬೀಸಿತು. ಒಂಬತ್ತು ಮಂದಿ ಅಲ್ಲಿಯೇ ತೀರಿಕೊಂಡರು. ಹದಿಮೂರು ಮಂದಿಯನ್ನು ರಕ್ಷಿಸಿ ಕರೆತರಲಾಯಿತು. ಅದಕ್ಕೆ ಎರಡು ವರ್ಷ ಮೊದಲು, 2022ರ ಅಕ್ಟೋಬರ್ 4ರಂದು, ಉತ್ತರಕಾಶಿಯ ಸಂಸ್ಥೆಯ ಶಿಕ್ಷಣಾರ್ಥಿಗಳು ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಹಿಮಪಾತಕ್ಕೆ ಸಿಕ್ಕಿದರು. ಮಡಿದವರಲ್ಲಿ ಕನ್ನಡಿಗರೂ ಇದ್ದರು. ಅಷ್ಟು ಅನುಭವದ ಸಂಸ್ಥೆಗೂ ಪರ್ವತ ಜಾಮೀನು ನೀಡಲಿಲ್ಲ. ಅದೇ 2022ರಲ್ಲಿ, ಬಚೇಂದ್ರಿ ಪಾಲ್ ಅವರ ಮುಂದಾಳತ್ವದಲ್ಲಿ ಐವತ್ತು ದಾಟಿದ ಮಹಿಳೆಯರ ತಂಡವೊಂದು ಅರುಣಾಚಲದಿಂದ ಲಡಾಖಿನವರೆಗೆ ಸುಮಾರು ಐದು ತಿಂಗಳು ಹಿಮಾಲಯದುದ್ದಕ್ಕೂ ನಡೆದು ಮುಟ್ಟಿತೆಂಬುದೂ ನಿಜ; ಅದರಲ್ಲಿ ಬೆಂಗಳೂರಿನ, ಮೈಸೂರಿನ ಅರವತ್ತು ದಾಟಿದ ಇಬ್ಬರಿದ್ದರು. ಹೋಗಬೇಡಿರೆಂದು ಮೊದಲಿನವು ಹೇಳುವುದಿಲ್ಲ, ಹೋಗಿರೆಂದು ಕೊನೆಯದೂ ಹೇಳುವುದಿಲ್ಲ. ಹೋಗುವವರು ಮನೆಯವರಿಗೆ ಏನು ತಿಳಿಸಿ ಹೋಗಬೇಕೆಂಬುದನ್ನು ಮಾತ್ರ ಎಲ್ಲವೂ ಹೇಳುತ್ತವೆ.

ಆದ್ದರಿಂದ ಶಿಬಿರಕ್ಕೆ ಸೇರುವ ಮುನ್ನ ಕೈಗೆ ಬರುವ ಮುಚ್ಚಳಿಕೆಯನ್ನು ಕೊನೆಯ ಸಾಲಿನವರೆಗೆ ಓದಬೇಕು. 'ಏನಾದರೂ ಆದರೆ ನಾನೇ ಹೊಣೆ' ಎಂಬ ಅಚ್ಚಿನ ವಾಕ್ಯಕ್ಕೆ ಸಹಿ ಹಾಕಿದ ಮಾತ್ರಕ್ಕೆ ಸಂಘಟಕರ ನಿರ್ಲಕ್ಷ್ಯ ತೊಳೆದುಹೋಗದು. ಹಣ ಪಡೆದು ನೀಡಿದ್ದು ಸೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವೆಯ ಕೊರತೆಯನ್ನೂ ಅನುಚಿತ ಕರಾರನ್ನೂ ಗುರುತಿಸುತ್ತದೆ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ, ಲಾರ್ಜಿ ಅಣೆಕಟ್ಟಿನಿಂದ ಒಮ್ಮೆಲೇ ಬಿಟ್ಟ ನೀರಿಗೆ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟು ಪ್ರತಿ ಕುಟುಂಬಕ್ಕೆ 20 ಲಕ್ಷ ರೂಪಾಯಿ ಪರಿಹಾರ ವಿಧಿಸಿತು. ಪರಿಹಾರ ಬಂದ ಮನೆಗೆ ಮಗ ಬರುವುದಿಲ್ಲ. ಹಗ್ಗ ಎಷ್ಟು ಹಳೆಯದು, ಪ್ರಥಮ ಚಿಕಿತ್ಸೆ ಬಲ್ಲವರು ಯಾರು, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಯಾವ ಸ್ಥಿತಿಯಲ್ಲಿ ತಂಡ ಹಿಂತಿರುಗುತ್ತದೆ ಎಂದು ಮೊದಲೇ ಕೇಳುವುದು ಅಂಜುಬುರುಕತನವಲ್ಲ. ಕೇಳಿದಾಗ ಮುಖ ಗಂಟಿಕ್ಕುವ ಸಂಘಟಕರನ್ನು ಅಲ್ಲಿಯೇ ಬಿಡುವುದು ಲೇಸು.

ಮೊದಲ ಹೆಜ್ಜೆಗೆ ಹಿಮ ಬೇಕಿಲ್ಲ. ತಾಂಡೂರಿನವರಿಗೆ ವಿಕಾರಾಬಾದಿನ ಅನಂತಗಿರಿ ಒಂದು ಗಂಟೆಯ ಮಾತು. ಆ ಬೆಟ್ಟಸಾಲಿನ ಒಂದು ಮಗ್ಗುಲ ಮಳೆನೀರು ಮೂಸಿಯಾಗಿ ಪೂರ್ವಕ್ಕೆ ಹೈದರಾಬಾದಿಗೆ ಹರಿಯುತ್ತದೆ. ಇನ್ನೊಂದು ಮಗ್ಗುಲದ್ದು ಕಾಗಿಣಾ ಆಗಿ ತಾಂಡೂರನ್ನು ಹಾದು, ಕನ್ನಡನಾಡಿಗೆ ಇಳಿದು ಭೀಮೆಯನ್ನು ಸೇರುತ್ತದೆ. ಸಮೀಪದ ಕೋಟಪಲ್ಲಿ ಜಲಾಶಯದಲ್ಲಿ ಸಣ್ಣ ದೋಣಿ ನಡೆಸಲು ಕಲಿಸುತ್ತಾರೆ. ಜಹೀರಾಬಾದಿನವರು ಪರಳಿಯ ರೈಲುದಾರಿಯಲ್ಲಿ ವಿಕಾರಾಬಾದಿಗೆ ಬರಬಹುದು. ನಾರಾಯಣಖೇಡದಲ್ಲಿ ರೈಲಿಲ್ಲ, ಅವರಿಗೆ ಬಸ್ಸೇ ಗತಿ, ಅದೂ ಒಂದು ಸಾಹಸವೆಂದು ಅಲ್ಲಿಯವರು ತಮಾಷೆ ಮಾಡಬಹುದು. ಈ ಕಡೆಯ ಶಿಬಿರಗಳಲ್ಲಿ ನಡೆಯುವ ಮಾತು ತೆಲುಗು, ಹಿಂದಿ, ಇಂಗ್ಲಿಷು. ಹಗ್ಗದ ಎರಡು ತುದಿಗಳ ನಡುವೆ ಮಾತು ತಪ್ಪಾಗಿ ಕೇಳಿಸಬಾರದು. ಕನ್ನಡದವರು ಜೊತೆಯಾಗಿ ಹೋದರೆ 'ಬಿಗಿ', 'ಸಡಿಲು', 'ನಿಲ್ಲು' ಎಂಬ ಮೂರು ಪದಗಳನ್ನು ಗುರುವಿನೊಡನೆ ಮೊದಲೇ ಗೊತ್ತುಮಾಡಿಕೊಂಡರೆ ಸಾಕಾಗುತ್ತದೆ.

ಇನ್ನೂ ಹತ್ತಿರ ಬೇಕೆಂದರೆ, ತಾಂಡೂರು ಮತ್ತು ಜಹೀರಾಬಾದುಗಳ ನಡುವೆ, ಗಡಿಯಾಚೆ, ಕುಂಚಾವರದ ಕಾಡಿದೆ. 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮವೆಂದು ಘೋಷಿತವಾದ 134.88 ಚದರ ಕಿಲೋಮೀಟರಿನ ಒಣನಾಡಿನ ಅರಣ್ಯವಿದು. ನಡುವೆ ಗುಡ್ಡಗಳು ಬಳಸಿ ನಿಂತ ಚಂದ್ರಂಪಳ್ಳಿ ಜಲಾಶಯ, ಸುತ್ತ ಲಂಬಾಣಿ ತಾಂಡಾಗಳು. ಬೇಸಿಗೆಯಲ್ಲಿ ಎಲೆಯುದುರಿ ಬೋಳಾದ ಕಾಡು, ಎರಡು ಮಳೆ ಬಿದ್ದರೆ ಗುರುತು ಸಿಗದಂತೆ ಹಸಿರಾಗುತ್ತದೆ. ಇಲ್ಲಿ ಏರಬೇಕಾದ ಶಿಖರವಿಲ್ಲ, ಹಗ್ಗವಿಲ್ಲ, ಪ್ರಮಾಣಪತ್ರ ಕೊಡುವವರೂ ಇಲ್ಲ. ದಾರಿ ಬಲ್ಲವರೊಬ್ಬರನ್ನು ಮುಂದಿಟ್ಟುಕೊಂಡು, ಫೋನನ್ನು ಚೀಲದ ತಳಕ್ಕೆ ಹಾಕಿ, ಹಗಲೆಲ್ಲ ನಡೆದು ಹೊತ್ತು ಮುಳುಗುವ ಮುಂಚೆ ಹೊರಬರಬಹುದು. ಧಾಮದೊಳಕ್ಕೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು.