ಜೀವಕೋಶದ ಡೈರಿ, ಭಾಗ 6: ಆಂಟಿಆಕ್ಸಿಡೆಂಟ್ ಡಬ್ಬ ಕೊಡೋ ಮುಂಚೆ

ಈ ಸಲ ಸ್ವಲ್ಪ ಉದ್ದ ಇದೆ, ಆದ್ರೂ ಪೂರ್ತಿ ಓದಿ. ಪರೀಕ್ಷೆಗೂ ಬೇಕು, ಮನೆಗೂ ಬೇಕು.

ಕಡಲೆಕಾಯಿ ಎಣ್ಣೆ ತುಂಬಾ ದಿನ ಇಟ್ರೆ ಕಮಟು ವಾಸನೆ ಬರುತ್ತಲ್ವಾ? ಗಾಳಿಯ ಆಕ್ಸಿಜನ್ ಎಣ್ಣೆಯ ಕೊಬ್ಬನ್ನು ಕೆಡಿಸಿದ್ದರ ಫಲ ಅದು. ಇಂಥದ್ದೇ ಕೆಲಸ ನಮ್ಮ ಜೀವಕೋಶದೊಳಗೂ ನಡೆಯುತ್ತೆ. ಮೈಟೋಕಾಂಡ್ರಿಯಾ ಶಕ್ತಿ ತಯಾರಿಸುವಾಗ ಸ್ವಲ್ಪ ಆಕ್ಸಿಜನ್ ದಾರಿ ತಪ್ಪಿ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತೆ. ಇವನ್ನ ತಣಿಸೋಕೆ ಕೋಶದಲ್ಲೇ ಗ್ಲುಟಾಥಯೋನ್‌ನಂಥ ಕಾವಲುಗಾರರಿದ್ದಾರೆ. ತಣಿಸೋದಕ್ಕಿಂತ ಹುಟ್ಟೋದೇ ಜಾಸ್ತಿ ಆದ್ರೆ, ಅದೇ ಆಕ್ಸಿಡೇಟಿವ್ ಸ್ಟ್ರೆಸ್.

ಇದು ಡಿಎನ್‌ಎಗೆ ಪೆಟ್ಟು ಕೊಡುತ್ತೆ, ಕ್ಯಾನ್ಸರ್ ಶುರುವಾಗೋಕೆ ದಾರಿ ಮಾಡುತ್ತೆ. ಇಲ್ಲಿವರೆಗೆ ನಿಮಗೆಲ್ಲ ಗೊತ್ತು. ಜಾಹೀರಾತುಗಳೂ ಇಲ್ಲಿಗೇ ನಿಲ್ಲಿಸ್ತವೆ. ಆದ್ರೆ ಕಥೆ ಇನ್ನೂ ಅರ್ಧ ಬಾಕಿ ಇದೆ.

ಕ್ಯಾನ್ಸರ್ ಕೋಶ ಒಂದೇ ಸಮನೆ ಬೆಳೆಯೋ ಭರದಲ್ಲಿ ಈ ಸ್ಟ್ರೆಸ್ಸನ್ನ ತಾನೇ ಜಾಸ್ತಿ ಹುಟ್ಟಿಸಿಕೊಳ್ಳುತ್ತೆ. ಸ್ವಲ್ಪ ಇದ್ರೆ ಅದಕ್ಕೆ ಲಾಭ, ಬೆಳವಣಿಗೆಗೆ ಕುಮ್ಮಕ್ಕು. ಮಿತಿ ಮೀರಿದ್ರೆ ಸಾವು. ಮೈಟೋಕಾಂಡ್ರಿಯಾದಿಂದ ಸೈಟೋಕ್ರೋಮ್ ಸಿ ಸೋರಿ, ಕೋಶ ತನ್ನನ್ನ ತಾನೇ ಮುಗಿಸಿಕೊಳ್ಳುತ್ತೆ. ಅದು ಅಪೊಪ್ಟೋಸಿಸ್. ಇನ್ನೊಂದು ದಾರಿಯಲ್ಲಿ, ಕಬ್ಬಿಣದ ಅಂಶದಿಂದಾಗಿ ಕೋಶದ ಪೊರೆಯ ಕೊಬ್ಬು ಆ ಎಣ್ಣೆ ಥರಾನೇ ಕಮಟಾಗಿ ಕೋಶ ಸಾಯುತ್ತೆ. 2012ರಲ್ಲಿ ಸ್ಕಾಟ್ ಡಿಕ್ಸನ್, ಬ್ರೆಂಟ್ ಸ್ಟಾಕ್‌ವೆಲ್ ಮತ್ತು ಜೊತೆಗಾರರು ಇದಕ್ಕೆ ಫೆರೊಪ್ಟೋಸಿಸ್ ಅಂತ ಹೆಸರಿಟ್ಟರು. ಅದಕ್ಕೇ ಎಷ್ಟೋ ಕ್ಯಾನ್ಸರ್ ಕೋಶಗಳು ತಮ್ಮ ಗ್ಲುಟಾಥಯೋನ್ ಹೆಚ್ಚಿಸಿಕೊಂಡು ಬದುಕೋದು. ಅಂದ್ರೆ ಆಂಟಿಆಕ್ಸಿಡೆಂಟ್ ಅವಕ್ಕೂ ಬೇಕು!

ರೇಡಿಯೇಷನ್ ಚಿಕಿತ್ಸೆ ನೆನಪಿಸಿಕೊಳ್ಳಿ. ಆ ಕಿರಣ ಕೋಶದೊಳಗಿನ ನೀರನ್ನ ಒಡೆದು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿಸುತ್ತೆ, ಅದು ಹೋಗಿ ಡಿಎನ್‌ಎ ಕತ್ತರಿಸುತ್ತೆ. ಅಲ್ಲಿ ನಮ್ಮ ಆಯುಧವೇ ಆಕ್ಸಿಡೇಟಿವ್ ಸ್ಟ್ರೆಸ್.

ನಮ್ಮ ದೊಡ್ಡಮ್ಮನಿಗೆ ರೇಡಿಯೇಷನ್ ನಡೀತಿದ್ದಾಗ ನೋಡೋಕೆ ಬಂದವರೆಲ್ಲ ಪ್ರೀತಿಯಿಂದ ಒಂದೊಂದು ಡಬ್ಬ ತಂದರು. ಎಲ್ಲದರ ಮೇಲೂ ದೊಡ್ಡ ಅಕ್ಷರದಲ್ಲಿ ಆಂಟಿಆಕ್ಸಿಡೆಂಟ್. ದೊಡ್ಡಮ್ಮ ಕೇಳಿದ್ರು, ‘ನೀನು ಓದ್ತಿರೋದು ಇದನ್ನೇ ತಾನೆ ಪುಟ್ಟಿ? ಕುಡೀಲಾ, ಬೇಡ್ವಾ?’ ಡಬ್ಬಗಳನ್ನೆಲ್ಲ ಚೀಲಕ್ಕೆ ಹಾಕ್ಕೊಂಡು ಡಾಕ್ಟರ್ ಹತ್ರಾನೇ ಹೋದ್ವಿ. ಅವರು ಲೇಬಲ್ ಓದಿ, ‘ಚಿಕಿತ್ಸೆ ಮುಗಿಯೋವರೆಗೆ ಬೇಡ, ಊಟ ಚೆನ್ನಾಗಿ ಮಾಡಿ’ ಅಂದ್ರು. ಕಷ್ಟ ಆಗಿದ್ದು ಆಮೇಲೆ. ತಂದವರು ಫೋನ್ ಮಾಡಿ ‘ತಗೋತಿದ್ದೀರಾ?’ ಅಂತ ಕೇಳ್ತಾರೆ, ಪಾಪ, ದೊಡ್ಡಮ್ಮನಿಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ.

ಡಾಕ್ಟರ್ ಸುಮ್ಮನೆ ಹೇಳಿದ್ದಲ್ಲ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೊಟಿನ್ ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಆಗೋದಿರಲಿ, 18% ಜಾಸ್ತಿ ಆಗಿತ್ತು. ಅಮೆರಿಕದಲ್ಲೂ ಇಂಥದ್ದೇ ಅಧ್ಯಯನವನ್ನ 1996ರಲ್ಲಿ ಅವಧಿಗೆ ಮುಂಚೆನೇ ನಿಲ್ಲಿಸಬೇಕಾಯ್ತು. 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು, ಶ್ವಾಸಕೋಶದ ಗೆಡ್ಡೆ ಇದ್ದ ಇಲಿಗಳಿಗೆ ವಿಟಮಿನ್ ಇ ಕೊಟ್ಟಾಗ ಗೆಡ್ಡೆ ಇನ್ನೂ ಬೇಗ ಬೆಳೆದದ್ದನ್ನ ತೋರಿಸಿದ್ರು. ಕಾರಣ? ಸ್ಟ್ರೆಸ್ ಕಮ್ಮಿಯಾದ ಕೂಡಲೇ, ಕೆಟ್ಟ ಕೋಶವನ್ನ ತಡೆಯೋ ಪಿ53 ಪ್ರೋಟೀನಿನ ಚಟುವಟಿಕೆಯೂ ಇಳಿದಿತ್ತು.

ಹಾಗಂತ ನೆಲ್ಲಿಕಾಯಿ, ಸೊಪ್ಪು, ಕ್ಯಾರೆಟ್ ಬಿಟ್ಟುಬಿಡಬೇಡಿ. ಮಾತಿರೋದು ದೊಡ್ಡ ಪ್ರಮಾಣದ ಮಾತ್ರೆ, ಪುಡಿಗಳ ಬಗ್ಗೆ.

ನಿಮ್ಮ ಮನೇಲೂ ಯಾರಾದ್ರೂ ಕೀಮೋ, ರೇಡಿಯೇಷನ್‌ನಲ್ಲಿದ್ರೆ, ಅವರು ತಗೋತಿರೋ ಎಲ್ಲಾ ಡಬ್ಬಗಳ ಫೋಟೋ ತೆಗೆದು ಅವರ ಡಾಕ್ಟರಿಗೆ ತೋರಿಸಿ. ನಾನೂ ಡಾಕ್ಟರಲ್ಲ, ವಿದ್ಯಾರ್ಥಿ. ನೋಡೋಕೆ ಹೋಗುವಾಗ ಏನಾದ್ರೂ ಒಯ್ಯಲೇಬೇಕು ಅನ್ಸಿದ್ರೆ, ಅವರಿಗೆ ಸೇರೋ ಒಂದು ಡಬ್ಬಿ ಬಿಸಿ ಊಟ ಒಯ್ಯಿರಿ.

ಮುಂದಿನ ಭಾಗದಲ್ಲಿ ಪಿ53. ಪ್ರಶ್ನೆ ಇದ್ರೆ ಕೆಳಗೆ ಕೇಳಿ.

#ಜೀವಕೋಶದಡೈರಿ #ಕನ್ನಡದಲ್ಲಿವಿಜ್ಞಾನ