ಭಯಾನಕದಿಂದ ವ್ರೀಡನಕಕ್ಕೆ: ದೆವ್ವದ ಚಲನಚಿತ್ರಗಳು ಮತ್ತು ಸಾಮಾಜಿಕ ಲಜ್ಜೆ

1990ರ ದಶಕದಲ್ಲಿ ಬೆಂಗಳೂರಿನ ಅನೇಕ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಎರಡು ಪದಗಳು ಕಾಣಿಸಿಕೊಂಡವು. ರಾತ್ರಿಯ ಹೊತ್ತು ಹೆಣ್ಣು ದೆವ್ವವೊಂದು ಪರಿಚಿತರ ದನಿಯಲ್ಲಿ ಕೂಗುತ್ತ ಬಾಗಿಲು ತಟ್ಟುತ್ತದೆ, ತೆರೆದವರು ಉಳಿಯುವುದಿಲ್ಲ ಎಂಬುದು ವದಂತಿ. ಬಾಗಿಲ ಬರೆಹವನ್ನು ಓದಿ ಅದು ಹಿಂದಿರುಗುತ್ತದೆ. ಮರುರಾತ್ರಿ ಬಂದು ಮತ್ತೆ ಅದನ್ನೇ ಓದುತ್ತದೆ. ಆಕೆಯನ್ನು ತಡೆಯುವ ಉಪಾಯ ಊರಿಗೆಲ್ಲ ತಿಳಿದಿತ್ತು. ಆಕೆ ಯಾರು, ಹೇಗೆ ಸತ್ತಳು ಎಂಬ ಪ್ರಶ್ನೆ ಮಾತ್ರ ಆ ವದಂತಿಯಲ್ಲಿ ಮುಖ್ಯವಾಗಲಿಲ್ಲ.

ಅಮರ್ ಕೌಶಿಕ್ ನಿರ್ದೇಶಿಸಿದ ‘ಸ್ತ್ರೀ’ (2018) ಎಂಬ ಹಿಂದಿ ಚಿತ್ರ ಇದೇ ವದಂತಿಯನ್ನು ಮಧ್ಯಪ್ರದೇಶದ ಚಂದೇರಿಗೆ ಕೊಂಡೊಯ್ದು ಆ ಪ್ರಶ್ನೆಯನ್ನು ಎತ್ತಿಕೊಂಡಿತು. ಅಲ್ಲಿನ ದೆವ್ವ ಒಬ್ಬ ಗಣಿಕೆ. ಪ್ರೀತಿಸಿದವನನ್ನು ಮದುವೆಯಾದ ರಾತ್ರಿಯೇ ಊರವರಿಂದ ಗಂಡನೊಡನೆ ಕೊಲೆಯಾದವಳು. ಚಿತ್ರದ ಕೊನೆಯಲ್ಲಿ ಊರು ಆಕೆಗೆ ಪ್ರತಿಮೆ ನಿಲ್ಲಿಸುತ್ತದೆ. ‘ನಾಳೆ ಬಾ’ ಎಂದು ಬೇಡಿದ ಜನ ‘ರಕ್ಷಿಸು’ ಎಂದು ಬೇಡುತ್ತಾರೆ. ಹಾಸ್ಯಮಿಶ್ರಿತವಾದ ಈ ಚಿತ್ರದಲ್ಲಿ ಗಂಭೀರವಾದ ಸ್ಥಿತ್ಯಂತರವೊಂದು ಅಡಗಿದೆ. ಅಂಜಿಕೆಯಿಂದ ಆರಂಭವಾದದ್ದು ನಾಚಿಕೆಯಲ್ಲಿ ಮುಗಿಯುತ್ತದೆ.

ಈ ಸ್ಥಿತ್ಯಂತರವನ್ನು ಗುರುತಿಸಲು ಜೈನ ಪರಂಪರೆಯಲ್ಲಿ ಒಂದು ಹೆಸರಿದೆ. ಭರತನ ರಸಗಣನೆಯಲ್ಲಿ ಭಯಾನಕಕ್ಕೆ ಭಯವೇ ಸ್ಥಾಯಿಭಾವ. ಶ್ವೇತಾಂಬರ ಆಗಮವಾದ ‘ಅನುಯೋಗದ್ವಾರ ಸೂತ್ರ’ವು ಕಾವ್ಯರಸಗಳು ಒಂಬತ್ತೆಂದು ಹೇಳಿದರೂ ಆ ಪಟ್ಟಿಯಲ್ಲಿ ಭಯಾನಕವಿಲ್ಲ, ಅದರ ಬದಲು ವ್ರೀಡನಕವೆಂಬ ಲಜ್ಜೆಯ ರಸವಿದೆ. ಭಯಾನಕವು ರೌದ್ರದಲ್ಲಿ ಅಂತರ್ಗತವೆಂದು ವ್ಯಾಖ್ಯಾನಕಾರರು ಸಮಾಧಾನ ಹೇಳಿದ್ದಾರೆ. ಸೂತ್ರಕಾರನು ವ್ರೀಡನಕಕ್ಕೆ ಕೊಡುವ ಉದಾಹರಣೆ ವಿದ್ಯಾರ್ಥಿಗಳನ್ನು ಒಂದು ಕ್ಷಣ ತಡೆದು ನಿಲ್ಲಿಸುವಂಥದು. ಮದುವೆಯ ಮೊದಲ ರಾತ್ರಿ ಕಳೆದ ಮೇಲೆ ವಧುವಿನ ಕಲೆಯಾದ ವಸ್ತ್ರವನ್ನು ಹಿರಿಯರು ವಂದಿಸುವ ಲೋಕರೂಢಿ ಅಲ್ಲಿ ಪ್ರಸ್ತಾಪಗೊಂಡಿದೆ. ಇದಕ್ಕಿಂತ ನಾಚಿಕೆಯದು ಯಾವುದಿದೆ ಎಂಬುದು ವಧುವಿನ ಅಳಲು.

ಈ ಉದಾಹರಣೆಯಲ್ಲಿ ನಾಚಿದವಳು ವಧು, ನಾಚಬೇಕಾದದ್ದು ರೂಢಿ. ಲಜ್ಜೆಯು ನೊಂದವರ ಪಾಲಿಗೆ ಬೀಳುವುದು, ನೋಯಿಸಿದವರು ಗೌರವಸ್ಥರಾಗಿಯೇ ಉಳಿಯುವುದು ಲೋಕದ ನಡೆ. ವಿವಾದಾಸ್ಪದವಾದ ಸಾಮಾಜಿಕ ಪ್ರಶ್ನೆಯನ್ನು ಎತ್ತಿಕೊಳ್ಳುವ ಭಯಾನಕ ಚಿತ್ರವೊಂದನ್ನು ಅಳೆಯಲು ಇಲ್ಲಿ ಒಂದು ಮಾನದಂಡ ಸಿಗುತ್ತದೆ. ಆ ಚಿತ್ರ ಪ್ರೇಕ್ಷಕನನ್ನು ಎಷ್ಟು ಬೆಚ್ಚಿಬೀಳಿಸಿತು ಎಂಬುದಕ್ಕಿಂತ, ಲಜ್ಜೆಯನ್ನು ಅದರ ನಿಜವಾದ ಒಡೆಯರಿಗೆ ಹಿಂದಿರುಗಿಸಿತೇ ಎಂಬುದು ಮುಖ್ಯ.

ವಿಶಾಲ್ ಫುರಿಯಾ ನಿರ್ದೇಶನದ ಮರಾಠಿ ಚಿತ್ರ ‘ಲಪಾಛಪಿ’ಯನ್ನು ಈ ಮಾನದಂಡದಿಂದ ನೋಡಬಹುದು. ಇದನ್ನು ಅದೇ ನಿರ್ದೇಶಕರು 2021ರಲ್ಲಿ ‘ಛೋರಿ’ ಎಂಬ ಹೆಸರಿನಿಂದ ಹಿಂದಿಯಲ್ಲಿ ಮತ್ತೆ ನಿರ್ಮಿಸಿದರು. ತುಂಬು ಗರ್ಭಿಣಿಯೊಬ್ಬಳು ಕಬ್ಬಿನ ಗದ್ದೆಗಳ ನಡುವಿನ ಒಂಟಿ ಮನೆಗೆ ಬರುತ್ತಾಳೆ. ಗದ್ದೆಯಲ್ಲಿ ಮಕ್ಕಳ ನೆರಳುಗಳು ಸುಳಿಯುತ್ತವೆ. ಮನೆಯಲ್ಲಿ ವೃದ್ಧೆಯೊಬ್ಬಳು ಉಣಬಡಿಸಿ ಆರೈಕೆ ಮಾಡುತ್ತಾಳೆ. ಅಂಜಿಕೆ ಗದ್ದೆಯ ಕಡೆಗೂ ನೆಮ್ಮದಿ ಮನೆಯ ಕಡೆಗೂ ಇರುವಂತೆ ಚಿತ್ರ ಆರಂಭದಲ್ಲಿ ನಂಬಿಸುತ್ತದೆ. ಕಥೆ ಮುಂದುವರಿದಂತೆ ದಿಕ್ಕುಗಳು ಅದಲುಬದಲಾಗುತ್ತವೆ. ಆ ಊರು ಹೆಣ್ಣು ಶಿಶುಗಳನ್ನು ಹುಟ್ಟಿದೊಡನೆ ಕೊಂದಿದೆ. ವೃದ್ಧೆಯ ಆರೈಕೆಯ ಹಿಂದೆ ಇರುವುದೂ ಅದೇ ಉದ್ದೇಶ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ ಭಾರತದಲ್ಲಿ 1994ರಲ್ಲಿಯೇ ಬಂದಿದೆ. ಕಾನೂನು ಹೊರಗಿನಿಂದ ನಿಷೇಧಿಸಿದ ಕೃತ್ಯವು ಒಳಮನೆಯಲ್ಲಿ ವಾತ್ಸಲ್ಯದ ಭಾಷೆಯಲ್ಲಿಯೇ ಮಾತಾಡಬಲ್ಲುದು. ಉಪನ್ಯಾಸಕ್ಕೆ ಕಷ್ಟಸಾಧ್ಯವಾದ ಈ ಅರಿವನ್ನು ಭಯಾನಕ ಚಿತ್ರ ಒಂದು ತಟ್ಟೆ ಊಟದ ದೃಶ್ಯದಲ್ಲಿ ತಲುಪಿಸುತ್ತದೆ.

ಈ ಮಾತು ಹೆಣ್ಣಿನ ಪ್ರಶ್ನೆಗಾಗಲಿ ಭಾರತಕ್ಕಾಗಲಿ ಸೀಮಿತವಲ್ಲ. ಅಮೆರಿಕದ ಜಾರ್ಜ್ ರೊಮೆರೊ ನಿರ್ದೇಶಿಸಿದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ತೆರೆಕಂಡದ್ದು 1968ರ ಅಕ್ಟೋಬರಿನಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿತ್ತು. ಹೆಣಗಳು ಎದ್ದು ಬಂದು ಮನುಷ್ಯರನ್ನು ತಿನ್ನುವ ಆ ರಾತ್ರಿಯಲ್ಲಿ, ಹೊಲಮನೆಯೊಂದರಲ್ಲಿ ಸಿಲುಕಿದವರ ಪೈಕಿ ಕೊನೆಯವರೆಗೂ ಬದುಕುಳಿಯುವವನು ಬೆನ್ ಎಂಬ ಕಪ್ಪು ವರ್ಣೀಯ. ಆ ಪಾತ್ರವನ್ನು ನಿರ್ವಹಿಸಿದ ನಟ ಡ್ವೇನ್ ಜೋನ್ಸ್. ಬೆಳಗಾದಾಗ ರಕ್ಷಣೆಗೆಂದು ಬಂದ ಬಂದೂಕುಧಾರಿ ತಂಡ ಅವನನ್ನೂ ಹೆಣವೆಂದು ಭಾವಿಸಿ ಗುಂಡಿಕ್ಕುತ್ತದೆ. ಶವವನ್ನು ಉಳಿದವುಗಳೊಡನೆ ಬೆಂಕಿಗೆ ಹಾಕುತ್ತದೆ. ಈ ಅಂತ್ಯವನ್ನು ಚಿತ್ರ ಪತ್ರಿಕೆಯ ಛಾಯಾಚಿತ್ರಗಳಂತಹ ಸ್ಥಿರಚಿತ್ರಗಳಲ್ಲಿ ತೋರಿಸುತ್ತದೆ. ಸಂಭಾಷಣೆಯಲ್ಲಿ ಎಲ್ಲಿಯೂ ಅವನ ವರ್ಣದ ಮಾತಿಲ್ಲ. ಹೆಣಗಳಿಂದ ಉಳಿದವನು ಜೀವಂತರಿಂದ ಸತ್ತನೆಂಬ ಸಂಗತಿ ಪ್ರೇಕ್ಷಕನಿಗೆ ಬಿಡುಗಡೆಯನ್ನು ಕೊಡುವುದಿಲ್ಲ. ಭಯ ರಾತ್ರಿಯೊಡನೆ ಮುಗಿದರೂ ಲಜ್ಜೆ ಹಗಲಿನಲ್ಲಿ ಉಳಿಯುತ್ತದೆ.

ಇಂಥ ಬಿಡುಗಡೆಯನ್ನು ಸುಲಭವಾಗಿ ಕೊಟ್ಟುಬಿಡುವುದೇ ಈ ಪ್ರಕಾರದ ದೊಡ್ಡ ಅಪಾಯ. ಅನ್ವಿತಾ ದತ್ ಅವರ ‘ಬುಲ್‌ಬುಲ್’ (2020) 1881ರಲ್ಲಿ ಆರಂಭವಾಗುವ, ಬಂಗಾಳದ ಜಮೀನುದಾರಿ ಮನೆತನವೊಂದರ ಕಥೆ. ಬಾಲವಧುವಾಗಿ ಬಂದವಳು ಪ್ರೌಢಳಾದ ಮೇಲೆ ಗಂಡನಿಂದ ಹಿಂಸೆಗೂ ಮೈದುನನಿಂದ ಅತ್ಯಾಚಾರಕ್ಕೂ ಒಳಗಾಗಿ, ಕಾಲು ತಿರುಗಿದ ಚುಡೈಲ್ ಆಗಿ ಹೆಂಗಸರನ್ನು ನೋಯಿಸಿದ ಗಂಡಸರನ್ನು ಕೊಲ್ಲುತ್ತಾಳೆ. ಕಥೆ ಆರಂಭವಾಗುವ ಕಾಲಕ್ಕೆ ಹತ್ತು ವರ್ಷಗಳ ನಂತರ, 1891ರಲ್ಲಿ, ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದ ಕಾಯ್ದೆ ಬಂದಿತು. ಅಷ್ಟು ಅಲ್ಪ ಬದಲಾವಣೆಗೂ ದೇಶದಲ್ಲಿ ತೀವ್ರ ವಿರೋಧ ಎದ್ದಿತು. ಈ ಹಿನ್ನೆಲೆಯಲ್ಲಿ ಚಿತ್ರದ ವಸ್ತು ದಿಟ್ಟವಾದದ್ದೇ. ಆದರೆ ಪ್ರತಿ ಅಪರಾಧಿಗೂ ದೆವ್ವವೇ ಶಿಕ್ಷೆ ವಿಧಿಸುವಾಗ ಪ್ರೇಕ್ಷಕನು ನ್ಯಾಯ ದೊರೆಯಿತೆಂದು ಸಮಾಧಾನಗೊಳ್ಳುತ್ತಾನೆ. ನೋಡಿದ್ದು ತನ್ನ ಮನೆಯ ರೂಢಿಯನ್ನೇ ಎಂದು ಅವನಿಗೆ ಅನಿಸಬೇಕಾದ ಹೊತ್ತಿಗೆ ಬೇರೆಯವರ ತಪ್ಪಿಗೆ ತಕ್ಕ ಶಾಸ್ತಿಯಾಗಿರುತ್ತದೆ. ಪ್ರತೀಕಾರವು ರೌದ್ರವನ್ನು ತಣಿಸುತ್ತದೆ, ವ್ರೀಡನಕಕ್ಕೆ ಎಡೆಗೊಡುವುದಿಲ್ಲ.

ಪ್ರತೀಕಾರವಿಲ್ಲದೆ ಭಯಾನಕವನ್ನು ಕೊನೆಮುಟ್ಟಿಸುವ ಮಾದರಿ ಕನ್ನಡದಲ್ಲಿ ಎಂಟು ಶತಮಾನಗಳಿಂದ ಇದೆ. ಜನ್ನನ ‘ಯಶೋಧರ ಚರಿತೆ’ (ಕ್ರಿ.ಶ. 1209) ತೆರೆದುಕೊಳ್ಳುವುದೇ ಚಂಡಮಾರಿಯ ಗುಡಿಯ ಬಲಿಭೂಮಿಯಲ್ಲಿ. ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು ನರಬಲಿಗೆಂದು ಹಿಡಿದು ತಂದಿದ್ದಾರೆ. ಕತ್ತಿ ಹಿಡಿದವನು ಅರಸ ಮಾರಿದತ್ತ. ಅಭಯರುಚಿ ಶಪಿಸುವುದಿಲ್ಲ, ದೈವವನ್ನು ಕರೆಯುವುದಿಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯೊಂದರಿಂದ ಅರಸನೂ ಅವನ ತಾಯಿಯೂ ಪಟ್ಟ ಜನ್ಮಜನ್ಮಗಳ ಪಾಡನ್ನು ಹೇಳುತ್ತಾನೆ. ಹಿಟ್ಟಿನ ಕೋಳಿಗೇ ಇಷ್ಟಾದರೆ, ಎದುರಿಗೆ ಜೀವಂತ ಮಕ್ಕಳನ್ನು ನಿಲ್ಲಿಸಿಕೊಂಡವನ ಗತಿಯೇನೆಂಬುದನ್ನು ಮಾರಿದತ್ತ ತಾನೇ ಎಣಿಸಿಕೊಳ್ಳಬೇಕು. ಗುಡಿಯ ಬೀಭತ್ಸದಲ್ಲಿ ಅಂಜಬೇಕಾದ ಮಕ್ಕಳು ಹೆಸರಿಗೆ ತಕ್ಕಂತೆ ಅಭಯರಾಗಿದ್ದಾರೆ. ಕತ್ತಿ ಹಿಡಿದವನು ತಲೆ ತಗ್ಗಿಸುತ್ತಾನೆ.

ಇದೇ ಮಾನದಂಡವನ್ನು ಜನ್ನನಿಗೂ ಅನ್ವಯಿಸುವುದು ಪ್ರಾಮಾಣಿಕತೆ. ಕೊಲೆಯ ವಿಷಯದಲ್ಲಿ ಲಜ್ಜೆಯನ್ನು ಅರಸನಿಗೆ ತಲುಪಿಸಿದ ಕಾವ್ಯ, ಅಮೃತಮತಿಯ ವಿಷಯದಲ್ಲಿ ಅದನ್ನು ಅವಳೊಬ್ಬಳ ಮೇಲೆಯೇ ಹೊರಿಸುತ್ತದೆ. ಗಾನಕ್ಕೆ ಮರುಳಾದ ಆ ಹೆಣ್ಣಿನ ಒಳಗನ್ನು ಕೇಳುವ ವ್ಯವಧಾನ ಆಧುನಿಕ ಓದಿಗೆ ಬಂದದ್ದು ತಡವಾಗಿ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ಆ ಕಥೆಯನ್ನು ಮತ್ತೆ ತೆರೆದುದಕ್ಕೆ ಇದೂ ಒಂದು ಕಾರಣವಿರಬೇಕು.

ಚಲನಚಿತ್ರ ಅಧ್ಯಯನದಲ್ಲಿ ತೊಡಗಿರುವ ವಿದ್ಯಾರ್ಥಿಗಳು ಭಯಾನಕ ಚಿತ್ರಗಳನ್ನು ಅಗ್ಗದ ಮನರಂಜನೆಯೆಂದು ಬದಿಗಿಡಬೇಕಾಗಿಲ್ಲ. ಸಾಮಾಜಿಕ ವಸ್ತುವಿದೆಯೆಂಬ ಒಂದೇ ಕಾರಣಕ್ಕೆ ಹೊಗಳಬೇಕಾಗಿಯೂ ಇಲ್ಲ. ಚಿತ್ರ ಮುಗಿದಾಗ ಯಾರು ನಾಚಿದರು ಎಂದು ಕೇಳಿದರೆ ಸಾಕು. ಚಂದೇರಿಯ ಜನ ಪ್ರತಿಮೆ ನಿಲ್ಲಿಸಿದರು, ಮಾರಿದತ್ತ ಕತ್ತಿ ಕೆಳಗಿಟ್ಟ. ಬೆಂಗಳೂರಿನ ಬಾಗಿಲುಗಳು ಮಾತ್ರ ಬಂದವಳ ಹೆಸರನ್ನೂ ಕೇಳದೆ ಮರುದಿನಕ್ಕೆ ಮುಂದೂಡಿದವು.