ಹಿಂದಿನ ಸಲಾಕೆಯ ಮೂರು ರಂಧ್ರಗಳು

2018ರ ಮೇ ತಿಂಗಳಲ್ಲಿ ಮಗನ ಮನೆಗೆಂದು ಅಮೆರಿಕದ ಒಹಾಯೋ ರಾಜ್ಯಕ್ಕೆ ಹೋಗಿದ್ದಾಗ ‘ಆಟೋಕ್ರಾಸ್’ ಎಂಬ ಕ್ರೀಡೆಯ ಪರಿಚಯವಾಯಿತು. ವಾಹನ ನಿಲುಗಡೆಯ ದೊಡ್ಡ ಬಯಲಿನಲ್ಲಿ ಕಿತ್ತಳೆ ಬಣ್ಣದ ಶಂಕುಗಳನ್ನಿಟ್ಟು ಅಂಕುಡೊಂಕು ಹಾದಿ ಮಾಡುತ್ತಾರೆ. ಸ್ಪರ್ಧೆ ಗಡಿಯಾರದೊಡನೆ, ಶಂಕುವೊಂದನ್ನು ಬೀಳಿಸಿದರೆ 2 ಸೆಕೆಂಡು ದಂಡ. 1944ರಲ್ಲಿ ಸ್ಥಾಪನೆಯಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಇದನ್ನು ‘ಸೋಲೋ’ ಎಂದು ಕರೆಯುತ್ತದೆ. ವಾರವೆಲ್ಲ ಮೊಮ್ಮಗಳನ್ನು ಶಿಶುವಿಹಾರಕ್ಕೆ ಒಯ್ಯುವ ಕಾರೇ ಭಾನುವಾರ ಸ್ಪರ್ಧೆಗಿಳಿಯುತ್ತಿತ್ತು.

ಮುಂಚಕ್ರಗಳೇ ಎಳೆಯುವ ಆ ಕಾರಿಗೆ ಒಂದು ಹಟವಿತ್ತು. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮೂತಿ ತಿರುವಿನ ಹೊರಕ್ಕೇ ಜಾರುತ್ತಿತ್ತು. ಅದಕ್ಕೆಂದೇ ಮಗ ಹಿಂಬದಿಗೆ, ಬಿಗಿತವನ್ನು ಬದಲಿಸಬಲ್ಲ ಸ್ವೇ ಬಾರ್ ಹಾಕಿಸಿದ್ದ.

ಎಡಬಲ ಚಕ್ರಗಳ ಸಸ್ಪೆನ್ಷನ್ನುಗಳನ್ನು ಜೋಡಿಸುವ, ಎರಡೂ ತುದಿ ಬಾಗಿದ ಉಕ್ಕಿನ ಸಲಾಕೆಯಿದು. ಉಬ್ಬಿನ ಮೇಲೆ ಎರಡೂ ಚಕ್ರ ಒಟ್ಟಿಗೆ ಎದ್ದರೆ ಸುಮ್ಮನೆ ಹೊರಳುತ್ತದೆ. ತಿರುವಿನಲ್ಲಿ ಕಾರು ವಾಲಿದಾಗ ಮಾತ್ರ ತಿರುಚಿಕೊಂಡು ಎದುರು ನಿಲ್ಲುತ್ತದೆ. ನನ್ನ ವಿದ್ಯಾರ್ಥಿಗಳಿಗೆ ನೆನಪಿರಬೇಕು: ಸಲಾಕೆಯ ತಿರುಚು ಬಿಗಿತ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ. 19 ಮಿಲಿಮೀಟರ್ ಇದ್ದದ್ದು 22 ಆದರೆ ಬಿಗಿತ ಸುಮಾರು 1.8 ಪಟ್ಟು! ತುದಿಯ ಮೂರು ರಂಧ್ರಗಳದು ಸನ್ನೆಯ ಪಾಠ. ಹೊರತುದಿಯ ರಂಧ್ರದಲ್ಲಿ ತೋಳು ಉದ್ದ, ಬಿಗಿತ ಕಡಿಮೆ. ಒಳಗಿನದರಲ್ಲಿ ತೋಳು ಗಿಡ್ಡ, ಬಿಗಿತ ಹೆಚ್ಚು.

ವಿಚಿತ್ರವೆಂದರೆ, ಹಿಂಬದಿಯನ್ನು ಬಿಗಿಗೊಳಿಸುವುದು ಅದರ ಹಿಡಿತವನ್ನು ಕುಗ್ಗಿಸುವುದಕ್ಕೆ. ತಿರುವಿನಲ್ಲಿ ಹಿಂದಿನ ಹೊರಚಕ್ರಕ್ಕೆ ಹೆಚ್ಚು ಭಾರ ಬೀಳುತ್ತದೆ. ಭಾರ ಏರಿದಷ್ಟೇ ಪ್ರಮಾಣದಲ್ಲಿ ಟೈರಿನ ಹಿಡಿತ ಏರದು. ಹಿಂಭಾಗ ತುಸು ಜಾರಿ, ಮುಂದಿನ ಚಕ್ರಗಳ ಹೊರೆ ಹಂಚಿಹೋಗಿ ಕಾರು ತಿರುಗುತ್ತದೆ. ಹಿಂದಿನ ಬೆಂಚಿನವರನ್ನು ಗದರಿಸಿ ಮುಂದಿನ ಬೆಂಚಿನವರನ್ನು ಓದಿಸುತ್ತಿದ್ದ ನನಗೆ ಇದು ಬೇಗ ಅರ್ಥವಾಯಿತು.

ಅಭ್ಯಾಸದ ದಿನ ಗಡಿಯಾರ ನನ್ನ ಕೈಗೆ ಬಂತು. ಒಮ್ಮೆಗೆ ಒಂದನ್ನೇ ಬದಲಿಸಬೇಕು, ಟೈರಿನ ಗಾಳಿ ಮೊದಲಿನಷ್ಟೇ ಇರಬೇಕು, ಪ್ರತಿ ರಂಧ್ರಕ್ಕೂ ಮೂರು ಓಟ ಎಂಬ ಕಟ್ಟಳೆ ನನ್ನದು. ಹೊರ ರಂಧ್ರದಲ್ಲಿ ಸುಮಾರು 49 ಸೆಕೆಂಡು, ನಡುವಿನದರಲ್ಲಿ 48.2, ಮೂರೂ ಓಟ ಹೆಚ್ಚುಕಡಿಮೆ ಒಂದೇ. ಒಳ ರಂಧ್ರದಲ್ಲಿ ಹಿಂದಿನ ಒಳಚಕ್ರ ನೆಲದಿಂದ ಗೇಣುದ್ದ ಮೇಲೆದ್ದಿತು! ಮೊದಲ ಓಟ 47.9. ಎರಡನೆಯದರಲ್ಲಿ ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲೆತ್ತಿದ. ಹಿಂಭಾಗ ಬೀಸಿ ಬಂದು ಕಾರು ಹಿಂದುಮುಂದಾಗಿ ನಿಂತಿತು.

“ಅಪ್ಪಾ, ಇದೇ ಇರಲಿ. ಕೈ ಪಳಗಿದರೆ ಸರಿಹೋಗುತ್ತೆ” ಎಂದ.

“ನಾಳೆ ಮಗು ಕೂರುವುದೂ ಇದರಲ್ಲೇ ಅಲ್ಲವೇನೋ? ಮಳೆಯಲ್ಲಿ ಯಾರಾದರೂ ಅಡ್ಡ ಬಂದರೆ ಕಾಲೆತ್ತದೆ ಇರುತ್ತೀಯಾ?”

ಉತ್ತರ ಬರಲಿಲ್ಲ. ಮೂರನೆಯ ಓಟಕ್ಕೂ ಹೋಗಲಿಲ್ಲ. ಮುಖ ಬಿಗಿದುಕೊಂಡೇ ಜಾಕ್ ತಂದ. ಸ್ಪರ್ಧೆಗೆ ನಡುವಿನ ರಂಧ್ರ, ರಸ್ತೆಗೆ ಹೊರಗಿನದು ಎಂದು ತೀರ್ಮಾನವಾಯಿತು. ಎರಡೂ ಬದಿಯಲ್ಲಿ ಒಂದೇ ರಂಧ್ರಕ್ಕೆ ಸಿಕ್ಕಿಸಿದ್ದಾನೆಯೇ ಎಂದು ಟಾರ್ಚು ಹಿಡಿದು ನಾನೂ ಬಗ್ಗಿ ನೋಡಿದೆ. ಕಾರು ಹಿಂದುಮುಂದಾದ ಸಂಗತಿಯನ್ನು ಸೊಸೆಗೆ ಹೇಳಬಾರದೆಂದು ದಾರಿಯಲ್ಲಿ ಇಬ್ಬರೂ ಒಪ್ಪಿಕೊಂಡೆವು. ಆಕೆ ಈ ಬರಹಗಳನ್ನು ತಪ್ಪದೆ ಓದುತ್ತಾಳೆ.